ಲೇಸರ್ ಸಿದ್ಧ, ಟಾರ್ಗೆಟ್ ಎಲ್ಲಿ?

ಮಂಗಳೂರು-ಉಡುಪಿ ಕಡೆ ಬೀಡಿ ಕಟ್ಟುವ ಮನೆಗಳಲ್ಲಿ ಲೆಕ್ಕವೆಲ್ಲ ಸಾವಿರದ್ದು. ಮಜೂರಿ ನಿಗದಿಯಾಗುವುದೇ ಸಾವಿರಕ್ಕಿಷ್ಟು ಎಂದು. ತಡ್ಪೆಯನ್ನು (ಮೊರವನ್ನು) ಮಡಿಲಲ್ಲಿಟ್ಟುಕೊಂಡು ಕೂತರೆ, ಪಳಗಿದ ಕೈಗೂ ಸಾವಿರ ಮುಗಿಯುವಾಗ ಹೆಚ್ಚುಕಡಿಮೆ ದಿನವೇ ಕಳೆದಿರುತ್ತದೆ. ಸೆಕೆಂಡಿಗೆ 10 ಸಲ ಹೊಡೆಯುವ ಪೆಟಾವ್ಯಾಟ್ (ಸಾವಿರ ಲಕ್ಷ ಕೋಟಿ ವ್ಯಾಟ್) ಲೇಸರಿಗೆ ಸಾವಿರ ಟಾರ್ಗೆಟ್, ಅಂದರೆ ಅದರ ಬೆಳಕು ಬೀಳುವ ತುಣುಕು, ಕೊಟ್ಟರೆ 100 ಸೆಕೆಂಡಿನಲ್ಲಿ ಖಾಲಿ. ಗಂಟೆಗೆ 36,000 ಬೇಕು. ಎಂಟು ಗಂಟೆಯ ಒಂದು ಪಾಳಿಗೆ 2,88,000. ಪ್ರತಿಯೊಂದೂ ಕೂದಲೆಳೆಗಿಂತ ತೆಳ್ಳಗಿರಬೇಕು, ಪ್ರತಿಯೊಂದೂ ಸುಮಾರು 10 ಮೈಕ್ರಾನಿನೊಳಗೆ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಅದೇ ಜಾಗಕ್ಕೆ ಬಂದು ನಿಲ್ಲಬೇಕು. ಒಂದೇ ಏಟಿಗೆ ಅದು ಇಲ್ಲವಾಗುತ್ತದೆ.

ಲೇಸರ್ ಓಡತೊಡಗಿದೆ, ಟಾರ್ಗೆಟ್ ಹಿಂದೆ ಉಳಿದಿದೆ. ಈ ಕ್ಷೇತ್ರದ ಈಗಿನ ಸ್ಥಿತಿ ಇದು. ಪತ್ರಿಕೆಗಳು ಎಷ್ಟು ಪೆಟಾವ್ಯಾಟ್ ಎಂದು ಬರೆಯುತ್ತವೆ. ಆ ಬೆಳಕು ಹೋಗಿ ಬೀಳುವ, ಸಾಸಿವೆಗಿಂತಲೂ ಚಿಕ್ಕ ಜಾಗದಲ್ಲಿ ಏನಿದೆ, ಅದನ್ನು ಅಲ್ಲಿಗೆ ತಂದಿಟ್ಟವರಾರು ಎಂದು ಕೇಳುವವರು ಕಡಿಮೆ. ಟಾರ್ಗೆಟ್ ಒದಗಿಸುವುದು ಒಂದು ಕಷ್ಟವಾದರೆ, ಹೊಡೆದ ಮೇಲೆ ಉಳಿದದ್ದನ್ನು ಮುಂದಿನ ಪಲ್ಸ್ (ಬೆಳಕಿನ ಏಟು) ಬರುವಷ್ಟರಲ್ಲಿ ತೆಗೆದುಹಾಕುವುದು ಅದಕ್ಕಿಂತ ದೊಡ್ಡ ಕಷ್ಟ. ಯಾವ ಬಗೆಯ ಟಾರ್ಗೆಟ್ ಬೇಕೆಂದು ಕೊನೆಗೆ ತೀರ್ಮಾನಿಸುವುದು ಹೆಚ್ಚಾಗಿ ಈ ಎರಡನೆಯ ಕಷ್ಟವೇ.

ಮೊದಲು ಲೇಸರಿನ ಲೆಕ್ಕ ನೋಡೋಣ. ಪಲ್ಸನ್ನು ಕಾಲದಲ್ಲಿ ಹಿಗ್ಗಿಸಿ, ಬಲಪಡಿಸಿ, ಮತ್ತೆ ಕುಗ್ಗಿಸುವ ಉಪಾಯವನ್ನು ಡೊನಾ ಸ್ಟ್ರಿಕ್ಲೆಂಡ್ ಮತ್ತು ಜೆರಾರ್ಡ್ ಮೊರೂ 1985ರಲ್ಲಿ ತೋರಿಸಿಕೊಟ್ಟರು. 2018ರ ಭೌತಶಾಸ್ತ್ರ ನೊಬೆಲಿನ ಅರ್ಧ ಪಾಲು ಅದಕ್ಕೆ ಸಂದಿತು. ದೊಡ್ಡ ಗಾಜಿನ ಲೇಸರುಗಳಲ್ಲಿ ಒಂದು ಶಾಟ್ ಹೊಡೆದರೆ ಗಾಜು ತಣಿಯಲು ಅರ್ಧ ಗಂಟೆಯೋ ಒಂದು ಗಂಟೆಯೋ ಕಾಯಬೇಕಾಗುತ್ತಿತ್ತು. ಅಷ್ಟು ಹೊತ್ತಿನಲ್ಲಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತ ಮುಂದಿನ ಟಾರ್ಗೆಟನ್ನು ಕೈಯಲ್ಲೇ ಹೊಂದಿಸಬಹುದಿತ್ತು. ಲೇಸರಿಗೆ ಶಕ್ತಿ ತುಂಬಲು ಫ್ಲ್ಯಾಶ್‌ಲ್ಯಾಂಪ್ ಹೋಗಿ ಡಯೋಡ್ ಬಂದ ಮೇಲೆ ಆ ಬಿಡುವು ಹೋಯಿತು. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯ ಕಟ್ಟಿ, ಚೆಕ್ ದೇಶದ ಎಲಿ ಬೀಮ್‌ಲೈನ್ಸ್ ಕೇಂದ್ರಕ್ಕೆ ಕೊಟ್ಟ ಹ್ಯಾಪ್ಲ್ಸ್ ಲೇಸರಿನ ವಿನ್ಯಾಸದಲ್ಲೇ ಪಲ್ಸಿಗೆ 30 ಜೌಲ್, 30 ಫೆಮ್ಟೊಸೆಕೆಂಡ್ (ಒಂದು ಫೆಮ್ಟೊಸೆಕೆಂಡ್ ಎಂದರೆ ಸೆಕೆಂಡಿನ 10¹⁵ರಲ್ಲೊಂದು ಪಾಲು), 10 ಹರ್ಟ್ಸ್ (ಸೆಕೆಂಡಿಗೆ 10 ಸಲ) ಎಂದಿದೆ.

30 ಜೌಲ್ ಎಂದರೆ ಮೂರು ಕಿಲೋ ಅಕ್ಕಿಯನ್ನು ನೆಲದಿಂದ ಒಂದು ಮೀಟರ್ ಎತ್ತುವಷ್ಟು ಶಕ್ತಿ. ಸೆಕೆಂಡಿಗೆ 10 ಸಲವಾದರೂ ಸರಾಸರಿ 300 ವ್ಯಾಟ್, ಅಡುಗೆಮನೆಯ ಮಿಕ್ಸಿಗಿಂತ ಕಡಿಮೆ. ಆದರೆ ಆ 30 ಜೌಲ್ 30 ಫೆಮ್ಟೊಸೆಕೆಂಡಿನಲ್ಲಿ, ಕೆಲವೇ ಮೈಕ್ರಾನ್ ಅಗಲದ ಚುಕ್ಕೆಯಲ್ಲಿ ಬೀಳುತ್ತದೆ. ನೆತ್ತಿ ಸುಡುವ ಬಿಸಿಲು ಚದರ ಸೆಂಟಿಮೀಟರಿಗೆ 0.1 ವ್ಯಾಟ್; ಇಲ್ಲಿ ಅದು 10²¹ ವ್ಯಾಟ್ ದಾಟುತ್ತದೆ. 10¹⁸ರ ಆಸುಪಾಸಿನಲ್ಲೇ ಎಲೆಕ್ಟ್ರಾನುಗಳು ಬೆಳಕಿನ ವೇಗದ ಹತ್ತಿರಕ್ಕೆ ಹೋಗಿರುತ್ತವೆ. ತೆಳು ಲೋಹದ ಹಾಳೆಗೆ ಹೊಡೆದರೆ ಆ ಎಲೆಕ್ಟ್ರಾನುಗಳು ಹಾಳೆಯನ್ನು ತೂರಿ ಹಿಂಬದಿಗೆ ಬಂದು, ಅಲ್ಲಿ ಮೀಟರಿಗೆ ಲಕ್ಷ ಕೋಟಿ ವೋಲ್ಟ್ ಮಟ್ಟದ ವಿದ್ಯುತ್ ಕ್ಷೇತ್ರ ಕಟ್ಟುತ್ತವೆ. ಹಿಂಬದಿಯಲ್ಲಿ ಅಂಟಿಕೊಂಡ ಹೈಡ್ರೋಜನ್ ಪ್ರೋಟಾನುಗಳಾಗಿ ಚಿಮ್ಮುತ್ತದೆ. ಜರ್ಮನಿಯ ಡ್ರೆಸ್ಡನ್‌ನಲ್ಲಿ 150 ಎಂಇವಿ (ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್, ಕಣದ ಶಕ್ತಿಯ ಅಳತೆ) ಪ್ರೋಟಾನ್ ಸಿಕ್ಕ ವರದಿ 2024ರಲ್ಲಿ ಪ್ರಕಟವಾಯಿತು. ಕ್ಯಾನ್ಸರ್ ಚಿಕಿತ್ಸೆಗೋ ನ್ಯೂಟ್ರಾನ್ ಮೂಲಕ್ಕೋ ಇದನ್ನು ಬಳಸಬೇಕೆಂದರೆ ಒಂದು ಅದ್ಭುತ ಶಾಟ್ ಸಿಕ್ಕರೆ ಸಾಲದು, ಒಂದೇ ತರಹದ ಸಾವಿರಾರು ಶಾಟ್ ಬೇಕು.

ಆ ಹೈಡ್ರೋಜನ್ ಎಲ್ಲಿಂದ ಬಂತು ಎಂದರೆ ಕರಾವಳಿಯವರಿಗೆ ನಗು ಬರಬಹುದು. ಹಾಳೆ ತಾಮ್ರದ್ದೋ ಅಲ್ಯುಮಿನಿಯಮ್ಮಿನದೋ ಆಗಿರುತ್ತದೆ; ಅದರ ಮೇಲೆ ಗಾಳಿಯ ತೇವ ಮತ್ತು ಎಣ್ಣೆಯ ಅಂಶ ಕೆಲವು ನ್ಯಾನೋಮೀಟರ್ (ಮೈಕ್ರಾನಿನ ಸಾವಿರದಲ್ಲೊಂದು ಪಾಲು) ದಪ್ಪಕ್ಕೆ ಕೂತಿರುತ್ತದೆ. ಮಳೆಗಾಲದಲ್ಲಿ ಬೀರುವಿನ ಬಟ್ಟೆಗೆ ಬೂಷ್ಟು ತರುವ ಅದೇ ತೇವ ಇಲ್ಲಿ ಪ್ರೋಟಾನಿನ ಮೂಲ.

ಹತ್ತು ಮೈಕ್ರಾನ್, ನೂರು ಮಿಲಿಸೆಕೆಂಡ್

10 ಮೈಕ್ರಾನ್ ಎಂಬ ಅಳತೆ ಸುಮ್ಮನೆ ಹುಟ್ಟಿದ್ದಲ್ಲ. 800 ನ್ಯಾನೋಮೀಟರ್ ಬೆಳಕನ್ನು 3 ಮೈಕ್ರಾನ್ ತ್ರಿಜ್ಯದ ಚುಕ್ಕೆಗೆ ಕೂಡಿಸಿದರೆ, ಅದು ಚೂಪಾಗಿ ಉಳಿಯುವ ಉದ್ದ ನಾಭಿಯ (ಫೋಕಸ್ಸಿನ) ಆಚೆಗೀಚೆಗೆ 35 ಮೈಕ್ರಾನ್ ಮಾತ್ರ. ಆ ಅಂಚಿಗೆ ಹೋದಾಗಲೇ ತೀವ್ರತೆ ಅರ್ಧಕ್ಕಿಳಿದಿರುತ್ತದೆ. ಚುಕ್ಕೆ 2 ಮೈಕ್ರಾನಿಗೆ ಇಳಿದರೆ ಈ ಉದ್ದ 16 ಮೈಕ್ರಾನಿಗಿಳಿಯುತ್ತದೆ. ಶಾಟಿನಿಂದ ಶಾಟಿಗೆ ಪ್ರೋಟಾನ್ ಶಕ್ತಿ ಕುಣಿಯಬಾರದೆಂದರೆ ಟಾರ್ಗೆಟಿನ ಮುಖ ಇದರ ಒಂದು ಭಾಗದೊಳಗೆ ನಿಲ್ಲಬೇಕು.

ಮಣಿಪಾಲದ ಅಣು-ಪರಮಾಣು ಭೌತಶಾಸ್ತ್ರ ವಿಭಾಗದಲ್ಲಿ ನಡೆಯುವ ಲಿಬ್ಸ್ ಬಗೆಯ ಪ್ರಯೋಗಗಳನ್ನು ಕಂಡವರಿಗೆ ಇದರ ಒಂದು ಸರಳ ರೂಪ ಗೊತ್ತಿರುತ್ತದೆ. ಸೆಕೆಂಡಿಗೆ 10 ಪಲ್ಸಿನ ಲೇಸರಿನಿಂದ ಕಿಡಿ ಎಬ್ಬಿಸಿ, ಆ ಕಿಡಿಯ ಬೆಳಕಿನಿಂದ ವಸ್ತುವಿನಲ್ಲಿ ಏನೇನಿದೆ ಎಂದು ಹೇಳುವ ವಿಧಾನ ಅದು. ಒಂದೇ ಜಾಗಕ್ಕೆ ಹೊಡೆಯುತ್ತಿದ್ದರೆ ಗುಳಿ ಆಳವಾಗಿ ಸಿಗ್ನಲ್ ಇಳಿಯುತ್ತದೆ, ಅದಕ್ಕೇ ಸ್ಯಾಂಪಲನ್ನು ಮೆಲ್ಲನೆ ತಿರುಗಿಸುತ್ತಾರೆ. ಅಲ್ಲಿ ನೂರು ಮೈಕ್ರಾನ್ ಆಚೀಚೆಯಾದರೂ ನಡೆಯುತ್ತದೆ. ಇಲ್ಲಿ ನಡೆಯುವುದಿಲ್ಲ, ಜೊತೆಗೆ ಎಲ್ಲವೂ ನಿರ್ವಾತದಲ್ಲಿ ಆಗಬೇಕು.

ನಿರ್ವಾತ ಮೋಟಾರಿಗೂ ಕಷ್ಟ. ಗಾಳಿಯಿಲ್ಲದ ಕಡೆ ಅದರ ಶಾಖ ಹೋಗುವುದು ಹೆಚ್ಚಾಗಿ ಲೋಹದ ಮೂಲಕವೇ. ಮೋಟಾರ್ ಬಿಸಿಯಾಗಿ 100 ಮಿಲಿಮೀಟರ್ ಉದ್ದದ ಅಲ್ಯುಮಿನಿಯಂ ತೋಳು 5 ಡಿಗ್ರಿ ಏರಿತೆನ್ನಿ, ತೋಳು 11-12 ಮೈಕ್ರಾನ್ ಬೆಳೆದಿರುತ್ತದೆ. ನಮ್ಮ ಇಡೀ ರಿಯಾಯಿತಿ ಅಲ್ಲೇ ಮುಗಿಯಿತು. ಬೆಳಿಗ್ಗೆ ಸರಿಯಾಗಿ ಹೊಂದಿಸಿದ್ದು ಮಧ್ಯಾಹ್ನಕ್ಕೆ ಜಾರುವುದು ಹೀಗೆ. ನಿಂತಾಗಲೂ ಮೋಟಾರಿನಲ್ಲಿ ಹರಿಯುವ ಕರೆಂಟನ್ನು ಇಳಿಸುವುದು, ತಾಮ್ರದ ಪಟ್ಟಿಯಿಂದ ಶಾಖವನ್ನು ಚೇಂಬರಿನ ಗೋಡೆಗೆ ಸಾಗಿಸುವುದು, ತೋಳಿಗೆ ಹಿಗ್ಗದ ಮಿಶ್ರಲೋಹ ಬಳಸುವುದು ಇದಕ್ಕೆ ಪರಿಹಾರ.

ಚಕ್ರ, ಆಮೇಲೆ ಟೇಪು

ಮೊದಲಿಗೆ ಎಲ್ಲರಿಗೂ ಹೊಳೆಯುವುದು ಚಕ್ರ. ತಟ್ಟೆಯ ಅಂಚಿನುದ್ದಕ್ಕೂ ತೂತು ಕೊರೆದು, ಹಾಳೆ ಹೊದಿಸಿ, ತೂತಿನಿಂದ ತೂತಿಗೆ ತಿರುಗಿಸುತ್ತ ಹೋಗುವುದು. ತೂತುಗಳ ನಡುವೆ ಕೆಲವು ಮಿಲಿಮೀಟರ್ ಅಂತರ ಬೇಕು, ಇಲ್ಲವಾದರೆ ಒಂದು ಶಾಟಿನ ಆಘಾತ ಮತ್ತು ಚೂರುಗಳು ಪಕ್ಕದ ಹಾಳೆಯನ್ನೂ ಹರಿಯುತ್ತವೆ. 10 ಸೆಂಟಿಮೀಟರ್ ತ್ರಿಜ್ಯದ ತಟ್ಟೆಯಲ್ಲಿ 3 ಮಿಲಿಮೀಟರಿಗೊಂದರಂತೆ ಒಂದು ಸುತ್ತಿಗೆ ಸುಮಾರು 209 ಟಾರ್ಗೆಟ್ ಹಿಡಿಯುತ್ತದೆ. 10 ಹರ್ಟ್ಸಿನಲ್ಲಿ ಅದು 21 ಸೆಕೆಂಡಿನ ಊಟ. ಐದು ಸುತ್ತು ಮಾಡಿದರೂ ಎರಡು ನಿಮಿಷ ತಲುಪುವುದಿಲ್ಲ.

ತಟ್ಟೆ ಸಮತಟ್ಟಾಗಿರುವುದೂ ಇಲ್ಲ. ಅಂಚು ಒಂದು ಸುತ್ತಿನಲ್ಲಿ 50-100 ಮೈಕ್ರಾನ್ ಹಿಂದೆ ಮುಂದೆ ಆಡುತ್ತದೆ, ಹಾಳೆ ಚೌಕಟ್ಟಿನಲ್ಲಿ ಉಬ್ಬಿರುತ್ತದೆ. ಆದ್ದರಿಂದ ಚೇಂಬರಿಗೆ ಹಾಕುವ ಮೊದಲೇ ಪ್ರತಿ ಟಾರ್ಗೆಟಿನ ಸ್ಥಾನವನ್ನು ಮುಟ್ಟದೆ ಅಳೆಯುವ ಬೆಳಕಿನ ಸೆನ್ಸರಿನಿಂದ ಅಳೆದು, ಪಟ್ಟಿ ಮಾಡಿ, ಶಾಟಿನ ಹೊತ್ತಿಗೆ ಅಷ್ಟೇ ಸರಿಪಡಿಸಿಕೊಳ್ಳುವ ಹಾಗೆ ಕಂಪ್ಯೂಟರಿಗೆ ಕೊಡುತ್ತಾರೆ. ಬೀಡಿ ಬ್ರಾಂಚಿನಲ್ಲಿ ಕಟ್ಟು ಬಿಚ್ಚಿ ನೋಡಿ ಕೆಟ್ಟದ್ದನ್ನು ಬದಿಗಿಡುವ ಕೆಲಸವೇ ಇದು. ಸುಕ್ಕು ಬಿದ್ದ, ಹರಿದ ಟಾರ್ಗೆಟುಗಳ ನಂಬರ್ ಪಟ್ಟಿಯಲ್ಲಿ ಗುರುತಾಗುತ್ತದೆ, ಲೇಸರ್ ಅವನ್ನು ಬಿಟ್ಟು ಮುಂದಕ್ಕೆ ಹೋಗುತ್ತದೆ. ಸಿಲಿಕಾನ್ ತಟ್ಟೆಯ ಮೇಲೆ ಚಿಪ್ ತಯಾರಿಸುವ ವಿಧಾನದಲ್ಲೇ ಸಾಲುಸಾಲಾಗಿ ತೆಳುಪೊರೆಗಳನ್ನು ಕೊರೆದು ತೆಗೆದರೆ ಒಂದೊಂದಾಗಿ ಅಂಟಿಸುವ ಕೆಲಸ ತಪ್ಪುತ್ತದೆ. ಆಕಾರ ಬೇಕಾದಂತೆ ಇರಬೇಕು, ದಪ್ಪ ನ್ಯಾನೋಮೀಟರ್ ಮಟ್ಟದಲ್ಲಿರಬೇಕು ಎಂದಾಗ ಚಕ್ರ ಅಥವಾ ಇಂಥ ತಟ್ಟೆ ಬಿಟ್ಟರೆ ದಾರಿ ಕಡಿಮೆ. ಕೆಲವು ನೂರು ಶಾಟಿನ ಪ್ರಯೋಗಕ್ಕೆ ಇದು ಧಾರಾಳ ಸಾಕು.

ಸಾವಿರಗಳ ಲೆಕ್ಕಕ್ಕೆ ಬಂದಾಗ ಟೇಪೇ ಗೆಲ್ಲುತ್ತದೆ. ಹಳೆಯ ಕ್ಯಾಸೆಟಿನ ಹಾಗೆ ಒಂದು ರೀಲಿನಿಂದ ಬಿಚ್ಚಿ ಇನ್ನೊಂದಕ್ಕೆ ಸುತ್ತುವುದು, ನಡುವೆ ನಯಗೊಳಿಸಿದ ಎರಡು ಕಂಬಿಗಳ ಮೇಲೆ ಬಿಗಿಯಾಗಿ ಹಾಯಿಸುವುದು. ಬೆಳಕು ಬೀಳುವುದು ಆ ಎರಡು ಕಂಬಿಗಳ ನಡುವಿನ ತುಂಡಿಗೆ. ಶಾಟಿಗೆ 2 ಮಿಲಿಮೀಟರ್ ಸರಿದರೆ 10 ಹರ್ಟ್ಸಿಗೆ ಸೆಕೆಂಡಿಗೆ 20 ಮಿಲಿಮೀಟರ್, ಗಂಟೆಗೆ 72 ಮೀಟರ್. 100 ಮೀಟರ್ ಸುರುಳಿ 83 ನಿಮಿಷ ಬರುತ್ತದೆ. ಹತ್ತಾರು ಮೈಕ್ರಾನ್ ದಪ್ಪದ ಕ್ಯಾಪ್ಟಾನ್ (ಶಾಖ ತಡೆಯುವ ಪ್ಲಾಸ್ಟಿಕ್ ಹಾಳೆ), ತಾಮ್ರ, ಸ್ಟೀಲ್ ಎಲ್ಲವೂ ಓಡುತ್ತವೆ. ಅಮೆರಿಕದ ಬರ್ಕ್ಲಿಯ ಬೆಲ್ಲಾ ಲೇಸರ್ ಕೇಂದ್ರದಲ್ಲಿ ಒಂದರ ಹಿಂದೊಂದು ಎರಡು ಪ್ಲಾಸ್ಮಾ (ಎಲೆಕ್ಟ್ರಾನ್ ಕಳಚಿಕೊಂಡ ಅನಿಲ) ವೇಗವರ್ಧಕಗಳನ್ನು ಜೋಡಿಸಿದಾಗ, ಎರಡನೆಯ ಲೇಸರನ್ನು ಒಳಕ್ಕೆ ತಿರುಗಿಸಿದ ಕನ್ನಡಿ ಹಳೆಯ ವಿಡಿಯೋ ಕ್ಯಾಸೆಟಿನ ಟೇಪೇ ಆಗಿತ್ತು. ಮನೆಯ ಅಟ್ಟದಲ್ಲಿ ಮದುವೆ ಕ್ಯಾಸೆಟ್ ಇಟ್ಟವರು ಗಮನಿಸಬಹುದು.

ಟೇಪಿನ ರೋಗಗಳು ಬೇರೆ. ಕೆಲವೇ ಮೈಕ್ರಾನಿಗೆ ಇಳಿಸಿದರೆ ತೂತು ಬಿದ್ದ ಜಾಗದಿಂದಲೇ ಅಡ್ಡಕ್ಕೆ ಹರಿಯುತ್ತದೆ. ಬಿಗಿ ಜಾಸ್ತಿಯಾದರೆ ಹರಿಯುತ್ತದೆ, ಕಡಿಮೆಯಾದರೆ ನಡುಗುತ್ತದೆ. ರೀಲಿನಲ್ಲಿ ಟೇಪ್ ತುಂಬುತ್ತ ಹೋದಂತೆ ಅದರ ತ್ರಿಜ್ಯ ಬದಲಾಗುವುದರಿಂದ ಅದೇ ಮೋಟಾರ್ ವೇಗಕ್ಕೆ ಟೇಪಿನ ವೇಗವೂ ಬಿಗಿಯೂ ಬೇರೆಯಾಗುತ್ತವೆ. ಬಿಗಿಯನ್ನು ಅಳೆದು ಮೋಟಾರಿಗೆ ಹೇಳುವ ವ್ಯವಸ್ಥೆಯಿಲ್ಲದಿದ್ದರೆ ಸುರುಳಿಯ ಕೊನೆಯಲ್ಲಿ ಅಳತೆ ಕೆಡುವುದು ಖಂಡಿತ. ಉರುಳುವ ರೋಲರ್ ಬಳಸಿದರೆ ಅದರ ಕೇಂದ್ರ ತಪ್ಪಿದಷ್ಟೂ ಟೇಪ್ ಹಿಂದೆಮುಂದೆ ಆಡುತ್ತದೆ. ಅದಕ್ಕೇ ಶಾಟಿನ ಹತ್ತಿರ ತಿರುಗದ ಕಂಬಿಯೇ ವಾಸಿ, ತುಸು ಉಜ್ಜಿದರೂ ಪರವಾಗಿಲ್ಲ. ನಿಲ್ಲಿಸಿ ಹೊಡೆಯುವುದೋ ಓಡುತ್ತಿರುವಾಗಲೇ ಹೊಡೆಯುವುದೋ ಎಂಬ ಪ್ರಶ್ನೆಯೂ ಇದೆ. ಸೆಕೆಂಡಿಗೆ 20 ಮಿಲಿಮೀಟರ್ ಓಡಿದರೂ 30 ಫೆಮ್ಟೊಸೆಕೆಂಡಿನಲ್ಲಿ ಟೇಪ್ ಸರಿಯುವ ದೂರ ಒಂದು ಪರಮಾಣುವಿನ ಅಗಲಕ್ಕಿಂತ ಎಷ್ಟೋ ಕಡಿಮೆ. ಲೇಸರಿಗೆ ಅದು ನಿಂತಂತೆಯೇ. ನಿಲ್ಲಿಸಿ ಹೊರಡಿಸುವುದರಿಂದ ಬರುವ ನಡುಕ ಇಲ್ಲವಾಗುವುದರಿಂದ ಓಡುವಾಗ ಹೊಡೆಯುವುದೇ ಒಳ್ಳೆಯದು.

ಹರಿಯುವ ಟಾರ್ಗೆಟ್

ಟೇಪೂ ಮುಗಿಯುತ್ತದೆ. ಮುಗಿಯದೆ ತಾನೇ ಹೊಸದಾಗುತ್ತ ಹೋಗುವುದು ದ್ರವ. ನಲ್ಲಿಯಿಂದ ಬೀಳುವ ಎರಡು ಸಣ್ಣ ಧಾರೆಗಳನ್ನು ಓರೆಯಾಗಿ ಒಂದಕ್ಕೊಂದು ತಾಗಿಸಿ ನೋಡಿ, ತಾಗಿದಲ್ಲಿಂದ ಕೆಳಗೆ ನೀರು ವೀಳ್ಯದೆಲೆಯ ಆಕಾರದಲ್ಲಿ ತೆಳ್ಳಗೆ ಹರಡುತ್ತದೆ, ಅಂಚಿನಲ್ಲಿ ದಪ್ಪ ಏರಿ, ತುದಿಯಲ್ಲಿ ಮತ್ತೆ ಕೂಡುತ್ತದೆ. ಹತ್ತಾರು ಮೈಕ್ರಾನ್ ಒಳವ್ಯಾಸದ ನಳಿಕೆಗಳಿಂದ ಇದನ್ನೇ ಮಾಡಿದರೆ ಎಲೆಯ ನಡುಭಾಗ ಒಂದು ಮೈಕ್ರಾನ್ ಅಥವಾ ಅದಕ್ಕಿಂತಲೂ ತೆಳು. ಧಾರೆಯನ್ನು ಎರಡೂ ಬದಿಯಿಂದ ಅನಿಲ ಬೀಸಿ ಚಪ್ಪಟೆ ಮಾಡುವ ಪುಟ್ಟ ಗಾಜಿನ ಚಿಪ್‌ನಿಂದ 20 ನ್ಯಾನೋಮೀಟರಿಗೂ ಕಡಿಮೆ ದಪ್ಪದ ಎಲೆಯನ್ನು ಸ್ಟ್ಯಾನ್‌ಫರ್ಡಿನ ಸ್ಲ್ಯಾಕ್ ಪ್ರಯೋಗಾಲಯದ ತಂಡ 2018ರಲ್ಲಿ ತೋರಿಸಿತು. ಅದೇ ವರ್ಷ ಅಮೆರಿಕದ ರೈಟ್-ಪ್ಯಾಟರ್ಸನ್ ವಾಯುನೆಲೆಯವರು ಅರ್ಧ ಮೈಕ್ರಾನಿನಷ್ಟು ದಪ್ಪದ ಎಥಿಲೀನ್ ಗ್ಲೈಕಾಲ್ ಎಲೆಗೆ ಕೆಲವೇ ಮಿಲಿಜೌಲ್ ಪಲ್ಸುಗಳನ್ನು ಸೆಕೆಂಡಿಗೆ 1,000 ಸಲ ಹೊಡೆದು 2 ಎಂಇವಿ ಪ್ರೋಟಾನ್ ಪಡೆದ ವರದಿ ಕೊಟ್ಟರು.

ಗ್ಲೈಕಾಲ್ ಯಾಕೆ, ನೀರು ಯಾಕಲ್ಲ? 20 ಡಿಗ್ರಿಯಲ್ಲಿ ನೀರಿನ ಆವಿ ಒತ್ತಡ 23 ಮಿಲಿಬಾರ್. ಗ್ಲೈಕಾಲಿನದು 0.1 ಮಿಲಿಬಾರಿಗಿಂತ ಕಡಿಮೆ. ಕಾರಿನ ರೇಡಿಯೇಟರಿಗೆ ಹಾಕುವ ಕೂಲಂಟಿನ ಮುಖ್ಯ ಅಂಶ ಇದೇ. ನೀರಿನ ಧಾರೆ ನಿರ್ವಾತಕ್ಕೆ ಬಿದ್ದ ಕೂಡಲೇ ಆವಿಯಾಗಿ ಪಂಪಿನ ಮೇಲೆ ಹೊರೆ ಹೇರುತ್ತದೆ, ಆವಿಯಾಗುತ್ತ ತಾನು ತಣಿದು ಹೆಪ್ಪುಗಟ್ಟುತ್ತದೆ. ದಿನದ ಕೆಲಸ ಕೆಡಿಸುವುದು ಈ ಮಂಜುಗಡ್ಡೆಯೇ. ಧಾರೆಯನ್ನು ಹಿಡಿಯುವ ಕೆಳಗಿನ ಪಾತ್ರೆಯ ಬಾಯಲ್ಲಿ ಸಣ್ಣ ಮಂಜಿನ ಮೊಳೆ ಹುಟ್ಟಿ, ಧಾರೆಯನ್ನೇ ಏಣಿ ಮಾಡಿಕೊಂಡು ಮೇಲಕ್ಕೆ ಬೆಳೆದು ನಳಿಕೆಗೆ ತಾಗುತ್ತದೆ. ಅಲ್ಲಿಗೆ ಎಲ್ಲ ನಿಂತಿತು.

ಆದ್ದರಿಂದ ಶುರು ಮಾಡುವ ಕ್ರಮಕ್ಕೆ ಬೆಲೆ ಇದೆ. ಮೊದಲು ದ್ರವದಲ್ಲಿ ಕರಗಿದ ಗಾಳಿಯನ್ನು ತೆಗೆಯಬೇಕು. ಒಂದೆರಡು ಮೈಕ್ರಾನ್ ಫಿಲ್ಟರ್ ಹಾಯಿಸಬೇಕು. ನಳಿಕೆ 30 ಮೈಕ್ರಾನ್ ಇರುವಾಗ ಒಂದು ನೂಲಿನೆಳೆ ಸಾಕು ಕಟ್ಟಿಕೊಳ್ಳಲು. ದ್ರವ ತಳ್ಳುವ ಪಂಪಿನ ಮಿಡಿತ ಧಾರೆಯಲ್ಲಿ ಕಾಣದಂತೆ ನಡುವೆ ಡ್ಯಾಂಪರ್ ಇರಬೇಕು. ಚೇಂಬರಿನಲ್ಲಿ ಗಾಳಿ ಇರುವಾಗಲೇ ಧಾರೆ ಬಿಟ್ಟು, ಅದು ನೇರವಾಗಿ ಹಿಡಿಪಾತ್ರೆಯ ತೂತಿಗೆ ಬೀಳುವಂತೆ ಹೊಂದಿಸಿ, ಹಿಡಿಪಾತ್ರೆಯ ಬಾಯನ್ನು ಬಿಸಿ ಮಾಡಿ, ಆಮೇಲೆಯೇ ಗಾಳಿ ತೆಗೆಯತೊಡಗುವುದು. ಮುಗಿಸುವಾಗ ತಿರುಗುಮುರುಗು: ಗಾಳಿ ತುಂಬಿದ ಮೇಲೆಯೇ ಧಾರೆ ನಿಲ್ಲಿಸುವುದು. 30 ಮೈಕ್ರಾನಿನ ಧಾರೆ ಸೆಕೆಂಡಿಗೆ 60 ಮೀಟರ್ ಓಡಿದರೂ ನಿಮಿಷಕ್ಕೆ ಹರಿಯುವುದು ಎರಡೂವರೆ ಮಿಲಿಲೀಟರ್, ಅರ್ಧ ಚಮಚ. ಹಿಡಿಪಾತ್ರೆಗೆ ಬೇರೆಯೇ ಪಂಪ್ ಇಟ್ಟು, ಚೇಂಬರಿನಿಂದ ಅದನ್ನು ಆ ಸಣ್ಣ ತೂತಿನಿಂದ ಮಾತ್ರ ಜೋಡಿಸಿದರೆ ಅರ್ಧ ಚಮಚವನ್ನು ಸಂಭಾಳಿಸಬಹುದು. ದ್ರವ ವಾಪಸ್ ಬಳಸುವುದಾದರೆ ಲೇಸರ್ ಒಡೆದು ಹಾಕಿದ ಕಣಗಳನ್ನು ಮತ್ತೆ ಸೋಸಬೇಕೆಂಬುದನ್ನು ಮರೆಯುವಂತಿಲ್ಲ.

ಧಾರೆಯನ್ನು ಕಂಪಿಸಿ ಒಂದೇ ಗಾತ್ರದ ಹನಿಗಳಾಗಿ ಒಡೆಯುವುದು ಇನ್ನೊಂದು ದಾರಿ. ಅದರ ಪರಾಕಾಷ್ಠೆ ಪ್ರಯೋಗಾಲಯದಲ್ಲಿಲ್ಲ, ಚಿಪ್ ಕಾರ್ಖಾನೆಯಲ್ಲಿದೆ. ನಿಮ್ಮ ಹೊಸ ಫೋನಿನ ಪ್ರೊಸೆಸರಿನ ಸೂಕ್ಷ್ಮ ಗೆರೆಗಳನ್ನು ಮೂಡಿಸುವ 13.5 ನ್ಯಾನೋಮೀಟರ್ ಬೆಳಕು ಹುಟ್ಟುವುದು ಕರಗಿದ ತವರದ ಹನಿಗಳಿಗೆ ಲೇಸರ್ ಹೊಡೆದು. ಸೆಕೆಂಡಿಗೆ ಸುಮಾರು 50,000 ಹನಿ, ಪ್ರತಿಯೊಂದೂ 30 ಮೈಕ್ರಾನಿನ ಆಸುಪಾಸು. ಮೊದಲ ಸಣ್ಣ ಪಲ್ಸ್ ಹನಿಯನ್ನು ದೋಸೆಯಂತೆ ಚಪ್ಪಟೆ ಮಾಡುತ್ತದೆ, ಎರಡನೆಯದು ಅದನ್ನು ಪ್ಲಾಸ್ಮಾ ಮಾಡುತ್ತದೆ. ಅಲ್ಲಿನ ತೀವ್ರತೆ ಪೆಟಾವ್ಯಾಟ್ ಲೋಕಕ್ಕೆ ಹೋಲಿಸಿದರೆ ಏನೂ ಅಲ್ಲ. ಆದರೆ ಹನಿಯ ಸಮಯ, ಸ್ಥಾನ, ಕನ್ನಡಿಗೆ ಮೆತ್ತುವ ತವರವನ್ನು ಹೈಡ್ರೋಜನ್ ಹರಿಸಿ ತೊಳೆಯುವ ಉಪಾಯ, ಇವೆಲ್ಲ ಅಲ್ಲಿಂದ ಕಲಿಯುವಂಥವು. ನಮ್ಮಲ್ಲೇ ಹೈದರಾಬಾದಿನ ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ತಂಡ ಮೆಥನಾಲ್ ಹನಿಗಳಿಗೆ ಮಿಲಿಜೌಲ್ ಮಟ್ಟದ, 1 ಕಿಲೋಹರ್ಟ್ಸ್ ಲೇಸರ್ ಹೊಡೆದು, ಮೊದಲ ಪಲ್ಸಿನಿಂದ ಹನಿಯಲ್ಲಿ ಬಟ್ಟಲಿನಂಥ ಕುಳಿ ಮಾಡಿ, ಎಂಇವಿ ಮಟ್ಟದ ಎಲೆಕ್ಟ್ರಾನುಗಳನ್ನು ಪಡೆದಿದೆ.

ಮೊದಲ ಪಲ್ಸ್ ಇಲ್ಲಿ ಬೇಕೆಂದೇ ಹೊಡೆದದ್ದು. ತೆಳುಹಾಳೆಯ ಪ್ರಯೋಗದಲ್ಲಿ ಬೇಡದ ಮುನ್ಪಲ್ಸ್ ಶತ್ರು. ಮುಖ್ಯ ಪಲ್ಸ್ 10²¹ ಇದ್ದು, ಅದಕ್ಕಿಂತ ಮುಂಚೆ ಸೋರಿ ಬರುವ ಬೆಳಕು ಅದರ ನೂರು ಕೋಟಿಯಲ್ಲೊಂದು ಪಾಲು ಇದ್ದರೂ 10¹² ಆಯಿತು; ಹಾಳೆ ಮುಖ್ಯ ಪಲ್ಸ್ ಬರುವ ಮೊದಲೇ ಕರಗಿ ಉಬ್ಬಿರುತ್ತದೆ. ಇದನ್ನು ತಡೆಯುವ ಪ್ಲಾಸ್ಮಾ ಕನ್ನಡಿ ಎಂದರೆ ಪ್ರತಿಫಲನ ತಡೆಯುವ ಲೇಪದ ಗಾಜು: ಸೋರಿದ ಬೆಳಕು ಆಚೆ ಹೋಗುತ್ತದೆ, ಮುಖ್ಯ ಪಲ್ಸಿನ ಮುಂಭಾಗ ಬಿದ್ದ ಕೂಡಲೇ ಮೇಲ್ಮೈ ಪ್ಲಾಸ್ಮಾ ಆಗಿ ಉಳಿದದ್ದನ್ನು ಪ್ರತಿಫಲಿಸುತ್ತದೆ. ಪ್ರತಿ ಶಾಟಿಗೂ ಆ ಜಾಗ ಸುಟ್ಟುಹೋಗುತ್ತದೆ. ಅಂದರೆ ಒಂದು ಟಾರ್ಗೆಟ್ ಕಾಪಾಡಲು ಇನ್ನೊಂದು ಟಾರ್ಗೆಟ್, ಅದಕ್ಕೂ ಅದೇ ಟೇಪೋ ದ್ರವದ ಎಲೆಯೋ ಬೇಕು.

ದ್ರವ ಮತ್ತು ಘನದ ನಡುವೆ ದ್ರವಸ್ಫಟಿಕದ ಪೊರೆ ಇದೆ. ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದವರು 8ಸಿಬಿ ಎಂಬ ದ್ರವಸ್ಫಟಿಕವನ್ನು ತೂತಿನ ಮೇಲೆ ಒರೆಸಿ, ಸೋಪಿನ ಪೊರೆಯಂತೆ ಎಳೆದು ನಿಲ್ಲಿಸುತ್ತಾರೆ. ಉಷ್ಣತೆ ಮತ್ತು ಒರೆಸುವ ವೇಗ ಬದಲಿಸಿದರೆ ದಪ್ಪ 10 ನ್ಯಾನೋಮೀಟರಿನಿಂದ ಹತ್ತಾರು ಮೈಕ್ರಾನಿನವರೆಗೆ ಬದಲಾಗುತ್ತದೆ. ಆವಿ ಒತ್ತಡ ತೀರಾ ಕಡಿಮೆ, ಬಳಕೆಯೂ ಚೂರೇ ಚೂರು. ಸೊಗಸಾದ ಉಪಾಯ, ಆದರೆ ಕಿಲೋಹರ್ಟ್ಸಿನ ಕುದುರೆಯಲ್ಲ.

ಹೈಡ್ರೋಜನ್ ಮಾತ್ರ ಬೇಕು, ಬೇರೇನೂ ಬೇಡ ಎಂದರೆ ಅದನ್ನೇ ಹೆಪ್ಪುಗಟ್ಟಿಸಬಹುದು. ಶೂನ್ಯಕ್ಕಿಂತ 259 ಡಿಗ್ರಿ ಕೆಳಗೆ ಹೈಡ್ರೋಜನ್ ಘನವಾಗುತ್ತದೆ. ಅದಕ್ಕಿಂತ ತುಸು ಮೇಲಿನ ಉಷ್ಣತೆಯಲ್ಲಿ ದ್ರವವನ್ನು 5 ಮೈಕ್ರಾನಿನ ತೂತಿನಿಂದ ನಿರ್ವಾತಕ್ಕೆ ಬಿಟ್ಟರೆ ಆವಿಯಾಗುತ್ತ ತಣಿದು ಗಟ್ಟಿ ದಾರವಾಗಿ ಸೆಕೆಂಡಿಗೆ ನೂರು ಮೀಟರ್ ವೇಗದಲ್ಲಿ ಇಳಿಯುತ್ತದೆ. ಉಳಿದದ್ದು ಅನಿಲವಾಗಿ ಪಂಪಿಗೆ ಹೋಗುತ್ತದೆ, ಮೆತ್ತುವುದು ಏನೂ ಇಲ್ಲ. ಕಷ್ಟ ಎರಡು. ಅನಿಲದಲ್ಲಿ ಸಾರಜನಕವೋ ಆಮ್ಲಜನಕವೋ ಲೇಶವಿದ್ದರೂ ಅದು ಮೊದಲೇ ಹೆಪ್ಪುಗಟ್ಟಿ ತೂತು ಮುಚ್ಚುತ್ತದೆ. ಎರಡನೆಯದು, ದಾರ ನಳಿಕೆಯಿಂದ ದೂರ ಹೋದಷ್ಟೂ ಓಲಾಡುತ್ತದೆ. ಹತ್ತಿರ ಹೊಡೆದರೆ ಪ್ಲಾಸ್ಮಾ ನಳಿಕೆಯನ್ನೇ ತಿನ್ನುತ್ತದೆ.

ಎಲೆಕ್ಟ್ರಾನ್ ಬೇಕಾದವರಿಗೆ ಅನಿಲ ಸಾಕು. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದ ಮೈಕ್ರೋಟ್ರಾನ್ ಎಲೆಕ್ಟ್ರಾನುಗಳನ್ನು 8 ಎಂಇವಿಗೆ ಏರಿಸುತ್ತದೆ; ಮೀಟರಿಗೆ 100 ಗಿಗಾವೋಲ್ಟ್ ಕ್ಷೇತ್ರವಿರುವ ಪ್ಲಾಸ್ಮಾದಲ್ಲಿ ಅಷ್ಟಕ್ಕೆ 0.08 ಮಿಲಿಮೀಟರ್ ದೂರ ಸಾಕು. ಹತ್ತಾರು ಬಾರ್ ಒತ್ತಡದ ಹೀಲಿಯಮ್ಮನ್ನು ಕೆಲವು ಮಿಲಿಸೆಕೆಂಡ್ ಮಾತ್ರ ತೆರೆಯುವ ವಾಲ್ವಿನಿಂದ ಬಿಡುತ್ತಾರೆ, ಇಲ್ಲವೇ ಪುಟ್ಟ ಕೊಳವೆಯಲ್ಲಿ ಸದಾ ಹರಿಸುತ್ತಾರೆ. ಜರ್ಮನಿಯ ಹ್ಯಾಂಬರ್ಗಿನ ಡೆಸಿ ವೇಗವರ್ಧಕ ಕೇಂದ್ರದಲ್ಲಿ ಹರಿಯುವ ಅನಿಲದ ಇಂಥ ವ್ಯವಸ್ಥೆಯಿಂದ ಒಂದೇ ಸಮನೆ 1,00,000 ಎಲೆಕ್ಟ್ರಾನ್ ಪಲ್ಸ್ ಪಡೆದ ವರದಿ 2020ರಲ್ಲಿ ಬಂತು. ಹಾಳೆಯ ಟಾರ್ಗೆಟಿನವರು ಇದನ್ನು ಹೊಟ್ಟೆಕಿಚ್ಚಿನಿಂದಲೇ ಓದಿರಬೇಕು.

ಪಂಕ್ತಿ ಎದ್ದ ಮೇಲೆ

ಉಡುಪಿಯ ಮಠದಲ್ಲಿ ಊಟಕ್ಕೆ ಕೂತವರಿಗೆ ಗೊತ್ತು: ಎಲೆ ಹಾಕುವುದು ಎರಡು ನಿಮಿಷದ ಕೆಲಸ, ಪಂಕ್ತಿ ಎದ್ದ ಮೇಲೆ ಎಲೆ ತೆಗೆದು ನೆಲ ಸಾರಿಸದೆ ಮುಂದಿನ ಪಂಕ್ತಿ ಕೂರುವಂತಿಲ್ಲ. ಇಲ್ಲಿ ಅದಕ್ಕಿರುವ ಬಿಡುವು 100 ಮಿಲಿಸೆಕೆಂಡ್.

ಸರಳ ಲೆಕ್ಕ ಹಾಕೋಣ. 10 ಮೈಕ್ರಾನ್ ತಾಮ್ರದ ಹಾಳೆಯಲ್ಲಿ 100 ಮೈಕ್ರಾನಿನ ತೂತು ಬಿದ್ದರೆ ಹಾರುವ ತಾಮ್ರ ಸುಮಾರು 0.7 ಮೈಕ್ರೋಗ್ರಾಂ. 36,000 ಶಾಟಿಗೆ 25 ಮಿಲಿಗ್ರಾಂ. ಇದು ಅರ್ಧಗೋಳದಲ್ಲಿ ಸಮವಾಗಿ ಹರಡಿತೆನ್ನಿ, 30 ಸೆಂಟಿಮೀಟರ್ ದೂರದ ಕನ್ನಡಿಯ ಮೇಲೆ ಗಂಟೆಗೆ 5 ನ್ಯಾನೋಮೀಟರ್ ದಪ್ಪದ ತಾಮ್ರ. ನಿಜದಲ್ಲಿ ತೂತು ಇದಕ್ಕಿಂತ ದೊಡ್ಡದಾಗುವುದೇ ಹೆಚ್ಚು. ಬೆಳಕನ್ನು ಕೂಡಿಸುವ ಆ ಪ್ಯಾರಾಬೋಲ ಕನ್ನಡಿ ಇಡೀ ಚೇಂಬರಿನಲ್ಲೇ ದುಬಾರಿ ವಸ್ತುಗಳಲ್ಲೊಂದು. ಮೆತ್ತಿದ ತಾಮ್ರ ಬೆಳಕನ್ನು ಹೀರಿ ಬಿಸಿಯಾಗಿ ಕನ್ನಡಿಯ ಲೇಪವನ್ನು ಸುಡುತ್ತದೆ, ಸುಟ್ಟ ಕಲೆ ಶಾಟಿನಿಂದ ಶಾಟಿಗೆ ದೊಡ್ಡದಾಗುತ್ತದೆ.

ಮುಂದೆ ಒಂದು ಗಾಜು ಹಿಡಿದರಾಯಿತಲ್ಲ? 20 ಸೆಂಟಿಮೀಟರ್ ಅಗಲದ ಪೆಟಾವ್ಯಾಟ್ ಕಿರಣಕ್ಕೆ ಕೂಡಿಸುವ ಮುನ್ನವೇ ಚದರ ಸೆಂಟಿಮೀಟರಿಗೆ 3×10¹² ವ್ಯಾಟ್ ಇರುತ್ತದೆ. ಅಷ್ಟು ಬೆಳಕಿನಲ್ಲಿ ಗಾಜಿನ ಗುಣವೇ ಬದಲಾಗಿ, 1 ಮಿಲಿಮೀಟರ್ ಗಾಜು ಅಲೆಯನ್ನು ಸುಮಾರು ಒಂದು ಪೂರ್ತಿ ಸುತ್ತಿನಷ್ಟು ತಿರುಚುತ್ತದೆ, ನಾಭಿ ಹರಡಿಹೋಗುತ್ತದೆ. ಅದರ ಹತ್ತನೇ ಒಂದು ಪಾಲು ದಪ್ಪವಾದರೆ ಸಹಿಸಬಹುದು, ಆದರೆ ಅಷ್ಟು ತೆಳು ಗಾಜನ್ನು ಸಮತಟ್ಟಾಗಿ ಹಿಡಿಯುವುದೇ ಸಾಹಸ, ಅದಕ್ಕೂ ತಾಮ್ರ ಮೆತ್ತುತ್ತದೆ. ಕನ್ನಡಿಯ ನಾಭಿದೂರ ಹೆಚ್ಚಿಸಿ ದೂರ ಇಡುವುದು ಇನ್ನೊಂದು ದಾರಿ, ಆಗ ಚುಕ್ಕೆ ದೊಡ್ಡದಾಗಿ ತೀವ್ರತೆ ಇಳಿಯುತ್ತದೆ. ದ್ರವ, ಹೈಡ್ರೋಜನ್, ಅನಿಲಗಳ ಕಡೆಗೆ ಎಲ್ಲರೂ ವಾಲುತ್ತಿರುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಕಣ್ಣಿಗೆ ಕಾಣದ ಎಂಜಲೂ ಇದೆ. ಹಾರಿಹೋದ ಎಲೆಕ್ಟ್ರಾನುಗಳಿಂದ ಟಾರ್ಗೆಟ್ ಧನ ವಿದ್ಯುತ್ ತುಂಬಿಕೊಳ್ಳುತ್ತದೆ, ಅದನ್ನು ತುಂಬಲು ಹಿಡಿಕೆಯ ಮೂಲಕ ಕರೆಂಟ್ ನುಗ್ಗಿ, ಹಿಡಿಕೆಯೇ ಆಂಟೆನಾ ಆಗಿ ಗಿಗಾಹರ್ಟ್ಸ್ ಮಟ್ಟದ ವಿದ್ಯುತ್ಕಾಂತ ಮಿಡಿತ ಹೊರಡುತ್ತದೆ. ಕ್ಯಾಮೆರಾ ಹ್ಯಾಂಗ್ ಆಗುತ್ತದೆ, ಮೋಟಾರ್ ಎಷ್ಟು ತಿರುಗಿತೆಂದು ಎಣಿಸುವ ಎನ್‌ಕೋಡರಿನ ಎಣಿಕೆ ಹಾರುತ್ತದೆ, ಮೋಟಾರ್ ಹೆಜ್ಜೆ ತಪ್ಪುತ್ತದೆ. ಗಂಟೆಗೊಂದು ಶಾಟಿನ ಕಾಲದಲ್ಲಿ ಕ್ಯಾಮೆರಾವನ್ನು ಆಫ್ ಮಾಡಿ ಆನ್ ಮಾಡಿದರೆ ಮುಗಿಯುತ್ತಿತ್ತು. 10 ಹರ್ಟ್ಸಿನಲ್ಲಿ ಎಣಿಕೆ ಒಮ್ಮೆ ತಪ್ಪಿದರೆ ಮುಂದಿನ ನೂರಾರು ಶಾಟ್ ತಪ್ಪು ಜಾಗಕ್ಕೆ ಬಿದ್ದ ಮೇಲೆಯೇ ಗೊತ್ತಾಗುವುದು. ಮೋಟಾರ್ ಡ್ರೈವರುಗಳನ್ನು ಚೇಂಬರಿನ ಹೊರಗೆ ಲೋಹದ ಪೆಟ್ಟಿಗೆಯಲ್ಲಿಡುವುದು, ಸಿಗ್ನಲನ್ನು ತಾಮ್ರದ ತಂತಿಯ ಬದಲು ಆಪ್ಟಿಕಲ್ ಫೈಬರಿನಲ್ಲಿ ಕಳಿಸುವುದು, ಹಿಡಿಕೆಗೆ ವಿದ್ಯುತ್ ಹರಿಯದ ವಸ್ತು ಬಳಸುವುದು ಇಲ್ಲಿನ ರೂಢಿ.

ಟಾರ್ಗೆಟಿನಿಂದ ಹಿಂದಕ್ಕೆ ಪ್ರತಿಫಲಿಸುವ ಬೆಳಕು ಬಂದ ದಾರಿಯಲ್ಲೇ ಮರಳಿ ಆಂಪ್ಲಿಫೈಯರಿನಲ್ಲಿ ಮತ್ತೆ ಬಲಗೊಂಡು ಲೇಸರನ್ನೇ ಒಡೆಯಬಲ್ಲದು. ಹಾಳೆಯನ್ನು ನೆಟ್ಟಗೆ ನಿಲ್ಲಿಸದೆ ಓರೆಯಾಗಿಡುವುದು ಅದಕ್ಕೆ. ಅಳೆಯುವ ಸಾಧನಗಳೂ ಬದಲಾಗಬೇಕು. ಒಂದೊಂದು ಶಾಟಿಗೂ ತೆಗೆದು ಸ್ಕ್ಯಾನ್ ಮಾಡಬೇಕಾದ ಫಿಲ್ಮ್, ಇಮೇಜ್ ಪ್ಲೇಟುಗಳ ಜಾಗಕ್ಕೆ ಮಿನುಗುವ ಪರದೆ ಮತ್ತು ಕ್ಯಾಮೆರಾ ಬರಬೇಕು.

ನಮ್ಮೂರಿನಲ್ಲಿ ಇಂಥ ಚೇಂಬರ್ ಕಟ್ಟಿದರೆ ಮೊದಲ ಜಗಳ ಮಳೆಗಾಲದೊಡನೆ. ಜುಲೈಯ ತೇವದಲ್ಲಿ ಚೇಂಬರಿನ ಬಾಗಿಲು ಅರ್ಧ ಗಂಟೆ ತೆರೆದಿಟ್ಟರೆ ಗೋಡೆಗಂಟಿದ ನೀರು ಮುಂದಿನ ಗಾಳಿ ತೆಗೆಯುವಿಕೆಯನ್ನು ಗಂಟೆಗಟ್ಟಲೆ ಎಳೆಯುತ್ತದೆ. ತೆರೆಯುವಾಗ ಒಣ ಸಾರಜನಕ ತುಂಬಿಸುವುದು, ಟೇಪಿನ ಸುರುಳಿಯನ್ನು ನಡುವೆ ಗೇಟ್ ವಾಲ್ವ್ ಇರುವ ಪ್ರತ್ಯೇಕ ಸಣ್ಣ ಕೋಣೆಯಿಂದ ಬದಲಿಸುವುದು ಇಲ್ಲಿ ಅನಿವಾರ್ಯವಾಗುತ್ತದೆ.

ಆದರೆ ಈ ಕೆಲಸದ ಬಹುಪಾಲಿಗೆ ಪೆಟಾವ್ಯಾಟ್ ಬೇಕಿಲ್ಲ. ಸುರತ್ಕಲ್, ನಿಟ್ಟೆ, ಮಣಿಪಾಲದ ಯಾವ ಎಂಜಿನಿಯರಿಂಗ್ ವರ್ಕ್‌ಶಾಪಿನಲ್ಲೂ ಟೇಪಿನ ಯಂತ್ರವನ್ನು ಮೇಜಿನ ಮೇಲೆ ಪರೀಕ್ಷಿಸಬಹುದು. ಎರಡು ಸ್ಟೆಪ್ಪರ್ ಮೋಟಾರ್, ಎರಡು ನಯ ಕಂಬಿ, ಬಿಗಿ ಅಳೆಯಲು ಒಂದು ಲೋಡ್ ಸೆಲ್, 25 ಮೈಕ್ರಾನಿನ ಕ್ಯಾಪ್ಟಾನ್ ಸುರುಳಿ. ಸಣ್ಣ ಡಯೋಡ್ ಲೇಸರಿನ ಬೆಳಕನ್ನು ಟೇಪಿಗೆ ತಾಗಿಸಿ ಒಂದು ಮೀಟರ್ ದೂರದ ಗೋಡೆಗೆ ಬೀಳಿಸಿ: ಟೇಪ್ 1 ಮಿಲಿರೇಡಿಯನ್ ವಾಲಿದರೆ ಚುಕ್ಕೆ 2 ಮಿಲಿಮೀಟರ್ ಸರಿಯುತ್ತದೆ. ಹಿಂದೆಮುಂದಿನ ಆಟ ನೋಡಲು 10 ಪಟ್ಟು ಹಿಗ್ಗಿಸುವ ಆಬ್ಜೆಕ್ಟಿವ್ ಜೋಡಿಸಿದ ಕ್ಯಾಮೆರಾವನ್ನು ಟೇಪಿನ ಅಂಚಿನ ನೇರಕ್ಕೆ ಇಟ್ಟು, ಸೆಕೆಂಡಿಗೆ 10 ಚಿತ್ರ ತೆಗೆಯಿರಿ. ಸುರುಳಿ ತುಂಬಿರುವಾಗ, ಅರ್ಧಕ್ಕೆ ಬಂದಾಗ, ಮುಗಿಯುತ್ತ ಬಂದಾಗ ಬೇರೆಬೇರೆಯಾಗಿ ಸಾವಿರ ಸಾವಿರ ಚಿತ್ರ ತೆಗೆದು ಅಂಚಿನ ಸ್ಥಾನವನ್ನು ಗ್ರಾಫಿಗೆ ಹಾಕಿ. ಗ್ರಾಫಿನಲ್ಲಿ ಒಂದೇ ಅವಧಿಗೆ ಮರಳುವ ಅಲೆ ಕಂಡರೆ ತಪ್ಪು ರೋಲರಿನದು, ಮೆಲ್ಲನೆ ಜಾರುವ ಗೆರೆ ಕಂಡರೆ ಬಿಗಿಯದು ಅಥವಾ ಶಾಖದ್ದು, ಅಲ್ಲೊಂದು ಇಲ್ಲೊಂದು ಮುಳ್ಳು ಎದ್ದರೆ ಟೇಪಿನ ಅಂಚು ಕಂಬಿಗೆ ಸಿಕ್ಕಿ ಬಿಡುತ್ತಿದೆ.